ಸ್ಟೀರಿಂಗಿನೊಳಗೆ ತುಂಬಿದ ನಾರು

ಮಂಗಳಾ, ನಿನ್ನ ಕಾರಿನ ಸ್ಟೀರಿಂಗಿನೊಳಗೆ ಏರ್‌ಬ್ಯಾಗ್ ಇಲ್ಲ. ಅಲ್ಲಿರುವುದು ತೆಂಗಿನ ನಾರು. ತುಂಬಿದವನು ನಾನು.

ನಾಲ್ಕು ವರ್ಷದಿಂದ ಈ ಮಾತು ಗಂಟಲಲ್ಲೇ ಇದೆ. ಈಗಲೂ ಬಾಯಿಬಿಟ್ಟು ಹೇಳುವ ಯೋಗ್ಯತೆ ನನಗಿಲ್ಲ. ನೀನು ಎದುರಿಗೆ ಬಂದು ನಿಂತರೆ ಇನ್ನೊಂದು ಸುಳ್ಳು ಹೇಳಿಬಿಡುತ್ತೇನೆ — ನನ್ನನ್ನು ನಾನು ಬಲ್ಲೆ. ಅದಕ್ಕೇ ನೀನು ಬರುವಷ್ಟರಲ್ಲಿ ಬರೆದು, ಕೈಗೇ ಕೊಟ್ಟುಬಿಡೋಣ ಅಂತ ಕೂತಿದ್ದೇನೆ. ಹನ್ನೊಂದೂವರೆಗೆ ಹುಳಿಯಾರಿನಿಂದ ಫೋನ್ ಮಾಡಿದೆಯಲ್ಲ. "ಮಾಮ, ಬ್ರೇಕ್ ಒತ್ತಿದ್ರೆ ಗಾಡಿ ಎಡಕ್ಕೆಳೀತೈತೆ. ಸಂಜೆಗಂಟ ಕಾಯಲ್ಲ, ಈಗ್ಲೇ ಬತ್ತೀನಿ, ನೀನೇ ನೋಡ್ಬುಡು" ಅಂದೆ. ಅಲ್ಲೇ ನಿಲ್ಲಿಸು, ಬಸ್ಸಿಗೆ ಬಾ ಅನ್ನಬೇಕಿತ್ತು. ನಾನು ಬಾ ಅಂದೆ.

ಆ ಕಾರು ಬೆಂಗಳೂರಿನ ದಲ್ಲಾಳಿಯೊಬ್ಬನಿಂದ ನನ್ನ ಶೆಡ್ಡಿಗೆ ಬಂದಾಗ ಅದರ ಮೂತಿ ಜಜ್ಜಿಹೋಗಿತ್ತು. ಏರ್‌ಬ್ಯಾಗ್ ಸಿಡಿದು ಸ್ಟೀರಿಂಗಿನಿಂದ ಜೋತುಬಿದ್ದಿತ್ತು. ಅದರ ಮೇಲೆ ಲಿಪ್‌ಸ್ಟಿಕ್ಕಿನ ಗುರುತು. ಅಂದರೆ ಆ ಚೀಲ ಯಾರೋ ಹೆಣ್ಣುಮಗಳ ಮುಖ ಉಳಿಸಿತ್ತು. ಅದನ್ನು ಕಣ್ಣಾರೆ ಕಂಡೂ ಕತ್ತರಿಸಿ ಎಸೆದೆ. ಹೊಸದು ಹಾಕಿಸಿದ್ದರೆ ನನಗೇನೂ ಗಿಟ್ಟುತ್ತಿರಲಿಲ್ಲ. ಅಷ್ಟೇ ಕಾರಣ, ಬೇರೆ ಕಾರಣ ಬಹಳ ಹುಡುಕಿದೆ, ಸಿಗಲಿಲ್ಲ.

ಕೊಳ್ಳುವವರು ನಿಮ್ಮಪ್ಪ ರುದ್ರಣ್ಣ ಅಂತ ಗೊತ್ತಾದಾಗ ನಾನು ಹೆದರಿದ್ದು ಒಂದಕ್ಕೇ — ಅವರ ಕಿವಿಗೆ. ಇಡೀ ಜೀವನ ಕೊಬ್ಬರಿ ವ್ಯಾಪಾರ ಮಾಡಿದವರು. ಅಟ್ಟದಿಂದ ಇಳಿಸಿದ ಕಾಯನ್ನು ಒಡೆಯದೆಯೇ, ಗೆಣ್ಣಿನಿಂದ ತಟ್ಟಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕೂತಿದೆಯೋ ಕೆಟ್ಟಿದೆಯೋ ಹೇಳುತ್ತಾರೆ. ಗಾಡಿಯನ್ನೂ ಹಾಗೇ ತಟ್ಟಿ ನೋಡುತ್ತಾರೆ ಅಂತ ಗೊತ್ತಿತ್ತು. ಟೊಳ್ಳು ಸ್ಟೀರಿಂಗ್ ಸಿಕ್ಕಿಬೀಳುತ್ತಿತ್ತು. ಅವರು ನೋಡಲು ಬರುವ ಹಿಂದಿನ ದಿನ ಅದರ ಮುಚ್ಚಳ ಬಿಚ್ಚಿ ನಾರನ್ನು ಒತ್ತಿ ಒತ್ತಿ ತುಂಬಿದೆ. ತಟ್ಟಿದೆ. ಸದ್ದು ಸರಿಬರಲಿಲ್ಲ, ಇನ್ನಷ್ಟು ತುಂಬಿದೆ. ಏರ್‌ಬ್ಯಾಗ್ ಕೆಟ್ಟರೆ ಉರಿಯುವ ಕೆಂಪು ದೀಪದ ತಂತಿಯನ್ನೂ ಕಿತ್ತೆ. ಕೆಲಸ ಅಚ್ಚುಕಟ್ಟಾಗಿ ಬಂತು ಅಂತ ಅವತ್ತು ಹೆಮ್ಮೆ ಬೇರೆ —

ಊರವರು ನನ್ನನ್ನು ರೇಸ್ ನಂಜುಂಡ ಅನ್ನುತ್ತಾರಲ್ಲ. ಹುಡುಗು ವಯಸ್ಸಿನಲ್ಲಿ ಎರಡು ವರ್ಷ ರೇಸ್ ಕಾರುಗಳ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದದ್ದನ್ನೇ ಇವತ್ತಿನವರೆಗೂ ಮಾರಿಕೊಂಡು ತಿಂದಿದ್ದೇನೆ. ಗಾಡಿ ನೋಡಲು ಬಂದ ದಿನ ನಿಮ್ಮಪ್ಪ ಅದನ್ನೇ ಹಿಡಿದು ಕೆಣಕಿದರು.

"ಅಲ್ಲ ಕಣ್ಲಾ, ಆ ರೇಸ್ನೋರು ಸುತ್ತಿದ್ ಜಾಗಾನೇ ಸುತ್ತುತಾರೆ. ಅದ್ರಿಂದ ನಮ್ ಹಂದನಕೆರೆ ರೋಡಿಗೇನ್ಲಾ ಲಾಭ?"

ಡಿಸ್ಕ್ ಬ್ರೇಕ್ ರೇಸಿನಲ್ಲಿ ಪಳಗಿ ಮನೆ ಕಾರಿಗೆ ಬಂದದ್ದು ಹೇಗೆ, ಮಳೆಯಲ್ಲೂ ರಸ್ತೆ ಕಚ್ಚುವ ಟೈರು ಕಲಿತದ್ದು ಎಲ್ಲಿ, ಎಲ್ಲ ವಿವರಿಸಿದೆ. ಅದಿಷ್ಟೂ ನಿಜವೇ. ನಿಜ ಹೇಳಿ ಹೇಳಿಯೇ ಅವರನ್ನು ನಂಬಿಸಿದೆ. ಕೊನೆಗೆ ಅವರು ಸ್ಟೀರಿಂಗಿನ ನಡುವೆ ಎರಡು ಸಲ ತಟ್ಟಿ, ತಲೆ ವಾಲಿಸಿ ಕೇಳಿಸಿಕೊಂಡರು.

"ಬಲೂನ್ ಐತೇನ್ಲಾ ಇದ್ರಲ್ಲಿ? ನಮ್ ಹುಡ್ಗಿ ಒಬ್ಳೇ ಓಡಾಡೋಳು."

"ಐತೆ ಕಣಣ್ಣ. ರೇಸ್ ಕಾರಲ್ಲೂ ಇದು ಇರಾಕಿಲ್ಲ. ನಿನ್ ಮಗಳಿಗೈತೆ, ಬುಡು."

ರೇಸ್ ಕಾರಿನಲ್ಲಿ ಇರುವುದಿಲ್ಲ ಅನ್ನುವುದು ಸುಳ್ಳಲ್ಲ. ಯಾಕೆ ಇರುವುದಿಲ್ಲ ಅಂತ ಮಾತ್ರ ಹೇಳಲಿಲ್ಲ — ಅಲ್ಲಿ ಓಡಿಸುವವನನ್ನು ಎರಡೂ ಭುಜದ ಮೇಲಿಂದ ಬೆಲ್ಟು ಹಾಕಿ ಸೀಟಿಗೆ ಬಿಗಿದಿರುತ್ತಾರೆ. ತಲೆಗೆ ಹೆಲ್ಮೆಟ್ ಇರುತ್ತದೆ, ಕುತ್ತಿಗೆಗೆ ಆಸರೆ ಇರುತ್ತದೆ. ಓಟ ಮುಗಿದ ಮೇಲೆ ಗಾಡಿಯನ್ನು ಬಿಚ್ಚಿ ಹರಡುತ್ತಾರೆ. ಒಂದು ಬೋಲ್ಟಿನ ಬಿರುಕು ಮುಚ್ಚಿಟ್ಟವನನ್ನು ಅಲ್ಲಿನ ಮೇಸ್ತ್ರಿ ಅವತ್ತೇ ಮನೆಗೆ ಕಳಿಸಿದ್ದನ್ನು ನಾನೇ ನೋಡಿದ್ದೆ. ರೇಸಿನಿಂದ ನಮ್ಮ ರಸ್ತೆಗೆ ತರಬೇಕಾದದ್ದು ಏನಾದರೂ ಇದ್ದರೆ ಅದೇ ಇತ್ತು. ಅದನ್ನು ಬಿಟ್ಟು ಬಂದೆ.

ನೀನು ದನದ ಡಾಕ್ಟರಾಗಿ ಬೋರನಕಣಿವೆ ಕಡೆಯ ಹಳ್ಳಿ ಸುತ್ತುವುದಕ್ಕೆ ಶುರುಮಾಡಿದೆ. ಬೇರೆಯವರ ಕೈಗೆ ಗಾಡಿ ಕೊಡಬೇಡ ಅಂತ ಅಪ್ಪನ ಅಪ್ಪಣೆ. ಪ್ರತಿ ಸರ್ವಿಸಿಗೂ ನನ್ನಲ್ಲಿಗೇ ಬಂದೆ. ಗಿಡ್ಡಿ, ಸ್ಟೀರಿಂಗಿಗೆ ಅಂಟಿಕೊಂಡು ಕೂರುತ್ತೀಯ. ಸೀಟು ಹಿಂದಕ್ಕೆ ತಳ್ಳಿಕೊ, ತಳ್ಳಿಕೊ ಅಂತ ನಾನು ಸುಮ್ಮಸುಮ್ಮನೆ ಗದರುತ್ತಿದ್ದೆನಲ್ಲ — ಕಾಲು ಎಟುಕಲ್ಲ ಮಾಮ ಅಂತ ನೀನು ನಗುತ್ತಿದ್ದೆ. ಹೋದ ವರ್ಷ ಹಾಲ್ಕುರಿಕೆ ಹತ್ತಿರ ಎಮ್ಮೆ ಅಡ್ಡ ಬಂದು ಗಾಡಿ ಹೊಲಕ್ಕಿಳಿಸಿದೆ ಅಂತ ನೀನು ಹೇಳಿದಾಗ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಸೇರಿತು. ಅಂಥ ಮನುಷ್ಯ ನಾನು.

ಮೊನ್ನೆ ಬುಧವಾರ ನೀನು ಕೇಳಿದೆ. "ಮಾಮ, ನಮ್ ಇನ್ನೊಬ್ರು ಡಾಕ್ಟ್ರ ಕಾರಲ್ಲಿ ಕೀ ತಿರುಗಿಸ್ದಾಗ ಬಲೂನಿನ ದೀಪ ಬಂದು ಆರತೈತೆ. ನಂದ್ರಲ್ಲಿ ಬರೋದೇ ಇಲ್ವಲ್ಲ?"

"ಹಳೇ ಮಾಡೆಲ್ ಕಣಮ್ಮ, ಬರಾಕಿಲ್ಲ" ಅಂದೆ.

ಒಂದು ಕ್ಷಣವೂ ಯೋಚಿಸಲಿಲ್ಲ. ಹೆಸರು ಕೇಳಿದರೆ ಹೆಸರು ಹೇಳಿದಷ್ಟು ಸಲೀಸಾಗಿ ಬಂತು. ನೀನು ಸರಿ ಅಂತ ತಲೆಯಾಡಿಸಿ ಹೋದೆ. ಅವತ್ತಿನಿಂದ ನನಗೆ ನನ್ನ ಬಾಯಿಯದೇ ಭಯ.

ಈಗ ಗಂಟೆ ಒಂದಾಯಿತು. ಹನ್ನೆರಡೂವರೆಗೆ ನೀನು ಇಲ್ಲಿರಬೇಕಿತ್ತು. ನಾಲ್ಕು ಸಲ ಫೋನ್ ಮಾಡಿದೆ, ರಿಂಗಾಗುತ್ತದೆ, ಎತ್ತುತ್ತಿಲ್ಲ. ದಾರಿಯಲ್ಲಿ ಯಾರಾದರೂ ಕೈ ಅಡ್ಡ ಹಾಕಿ ಹಸು ತೋರಿಸುತ್ತಿರಬಹುದು. ಕೊಟ್ಟಿಗೆಯಲ್ಲಿದ್ದರೆ ಫೋನ್ ಕೇಳಿಸುವುದಿಲ್ಲ. ಎಡಕ್ಕೆ ಎಳೆಯುತ್ತದೆ ಅಂದೆಯಲ್ಲ — ಆ ದಾರಿಯ ಎಡಕ್ಕೆ ಉದ್ದಕ್ಕೂ ಮರಗಳಿವೆ...

ನಿಮ್ಮಪ್ಪನಿಗೆ ಫೋನ್ ಮಾಡಿದೆ. ಹೇಳಿದೆ. ನಾರು ತುಂಬಿದ್ದು, ತಂತಿ ಕಿತ್ತದ್ದು, ಬುಧವಾರದ್ದು, ಎಲ್ಲ. ಬೈಯುತ್ತಾರೆ ಅಂದುಕೊಂಡೆ; ಬೈಯಲಿ ಅಂತ ಕಾದೆ. ಅವರು ಬೈಯಲಿಲ್ಲ.

"ಈಗ ಎಲ್ಲವ್ಳೆ ಅವ್ಳು?" ಅಂದರು.

ಗೊತ್ತಿಲ್ಲ ಕಣಣ್ಣ ಅಂದೆ.

ಅವರನ್ನು ಕೂರಿಸಿಕೊಂಡು ಹುಳಿಯಾರಿನ ದಾರಿಯಲ್ಲಿ ಹುಡುಕಲು ಹೊರಟಿದ್ದೇನೆ. ಬೇರೆ ದಾರಿಯಲ್ಲಿ ನೀನು ಮೊದಲೇ ಬಂದುಬಿಟ್ಟರೆ, ಕೀಯನ್ನು ಈ ಹಾಳೆಯ ಮೇಲಿಟ್ಟು ನಡೆದೇ ಮನೆಗೆ ಹೋಗು. ಆ ಗಾಡಿ ಮತ್ತೆ ಮುಟ್ಟಬೇಡ. ಕ್ಷಮಿಸು ಅಂತ ಬರೆದದ್ದನ್ನು ನಾನೇ ಹೊಡೆದುಹಾಕಿದ್ದೇನೆ. ನಿಮ್ಮಪ್ಪ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಾರೆ. ನೀನು ಬಂದು ಇದನ್ನು ಓದಿದರೆ ಸಾಕು, ಮಗಳೇ.