ಬೆನ್ನ ಹಿಂದೆ ಕೂತವರು

ಅಲ್ಲಾಳಸಂದ್ರದಲ್ಲೊಂದು ಗೃಹಪ್ರವೇಶಕ್ಕೆ ಕೊಳಲು ನುಡಿಸಲು ಹೋಗಿದ್ದೆ. ಮಧ್ಯಾಹ್ನದ ಊಟ ಶುರುವಾಗಿ ಜನರೆಲ್ಲ ಕೆಳಗಿಳಿದಿದ್ದರು. ಎದುರಿಗೆ ಉಳಿದದ್ದು ಆ ಮನೆಯ ಅಜ್ಜಿ ಒಬ್ಬರೇ. ಕೇಳುವವರೇ ಇಲ್ಲವಲ್ಲ ಎಂದು ಮೋಹನ ರಾಗವನ್ನು ಓಡಿಸಿ ಮುಗಿಸತೊಡಗಿದೆ.

ಅಜ್ಜಿ ಕೈಯೆತ್ತಿದರು. "ನಿಧಾನ ಕಣಪ್ಪ. ನಿನ್ ಇಂದ್ಗಡೆ ಕೂತಿರೋರು ಆಗ್ಲಿಂದ ಅದನ್ನೇ ಏಳ್ತಾವ್ರೆ, ಕೇಳಿಸ್ತಿಲ್ವಾ?"

ನನ್ನ ಬೆನ್ನ ಹಿಂದೆ ಒಂದು ಗೇಣು ಬಿಟ್ಟರೆ ಗೋಡೆ.

"ಯಾರಜ್ಜಿ?" ಎಂದೆ.

"ಬೆಳ್ಳಗಿರೋ ಯಜಮಾನ್ರು. ಕನ್ನಡಕದ ಕಡ್ಡಿಗೆ ಕೆಂಪು ದಾರ ಸುತ್ಕೊಂಡವ್ರೆ."

ಮುರಿದ ಕನ್ನಡಕಕ್ಕೆ ಕೆಂಪು ದಾರ ಸುತ್ತಿಕೊಂಡೇ ನನಗೆ ಪಾಠ ಹೇಳಿದ ಮೇಷ್ಟ್ರು ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. "ಯಾರೂ ಇಲ್ಲದಾಗ ಹೇಗೆ ನುಡಿಸ್ತೀಯೋ ಅದೇ ಕಣೋ ನಿನ್ನ ಸಂಗೀತ" ಎನ್ನುತ್ತಿದ್ದರು.

ತಿರುಗಿ ನೋಡುವ ಧೈರ್ಯ ಬರಲಿಲ್ಲ. ಆಲಾಪನೆಯನ್ನು ಮೊದಲಿನಿಂದ ಎತ್ತಿಕೊಂಡು, ಒಂದು ಸ್ವರವನ್ನೂ ನುಂಗದೆ ನುಡಿಸಿದೆ. ಮುಗಿದಾಗ ಅಜ್ಜಿ ನನ್ನ ಹೆಗಲಾಚೆ ನೋಡಿ ಕೈಮುಗಿದರು. "ಈಗ ಎದ್ದೋದ್ರು ನೋಡು" ಎಂದರು.

ಅಂದಿನಿಂದ ಯಾವ ಕಚೇರಿಯಲ್ಲೂ ನಾನು ಆತುರ ಮಾಡಿಲ್ಲ. ನುಡಿಸಾಣಿಕೆ ಮಾಗಿದೆ ಎಂದು ರಸಿಕರು ಮೆಚ್ಚುತ್ತಾರೆ. ಅದು ಹೆದರಿಕೆ ಕಣ್ರೀ ಅಂತ ಅವರಿಗೆ ಹೇಗೆ ಹೇಳೋದು?