ಪಿನ್ನು ತೆಗೆದಿಟ್ಟು ಬಾಂಬು ಹುಡುಕುವ ನಿರುಪಮಾ

ಸಿಂಗಪುರದಲ್ಲಿ ಬೆಳಗಿನ ಏಳಾದರೂ ಸರಿಯಾಗಿ ಬೆಳಕು ಹರಿದಿಲ್ಲ. ಹಳೆಯ ಬಂದರಿನ ಹಿಂದೆ, ತಗಡಿನ ಬೇಲಿಯೊಳಗಿನ ಕೆಂಪು ಮಣ್ಣಿನ ಮೇಲೆ ನಿಂತು ನಿರುಪಮಾ ಮೈಯೆಲ್ಲ ತಡಕಿಕೊಳ್ಳುತ್ತಿದ್ದಾರೆ. ವಾಚ್ ಇಲ್ಲ, ಕೀಚೈನ್ ಇಲ್ಲ. ತಾಳಿ ಸರದಲ್ಲಿ ಪಿನ್ನು? ಅದೂ ಇಲ್ಲ. ಆದರೂ ಸಮಾಧಾನವಿಲ್ಲ, ಮತ್ತೊಮ್ಮೆ ಸವರಿ ನೋಡುತ್ತಾರೆ. ಆಮೇಲೆ ಉದ್ದ ಕೋಲಿನಂಥ ಯಂತ್ರ ಹಿಡಿದು ಮೆಲ್ಲಗೆ ಹೆಜ್ಜೆ ಹಾಕುತ್ತಾರೆ.

ಯಂತ್ರ ಹುಡುಕುವುದು ಕಬ್ಬಿಣವನ್ನು, ನಿರುಪಮಾ ಹುಡುಕುವುದು ಬಾಂಬನ್ನು. ಎರಡನೇ ಮಹಾಯುದ್ಧದಲ್ಲಿ ಈ ದ್ವೀಪದ ಮೇಲೆ ಬಿದ್ದವುಗಳಲ್ಲಿ ಕೆಲವು ಸಿಡಿಯದೆ ಮಣ್ಣಿನಲ್ಲಿ ಹೂತುಹೋದವು. ಊರು ಅವುಗಳ ಮೇಲೆಯೇ ಮತ್ತೆ ಎದ್ದು ನಿಂತಿತು, ಈಗಲೂ ಕೆಡವಿ ಕಟ್ಟುವುದು ನಿಂತಿಲ್ಲ. ಪಾಯಕ್ಕೆ ಕೊರೆಯುವ ಮೊದಲು ಯಾರಾದರೂ ನೆಲ ಪರೀಕ್ಷಿಸಲೇಬೇಕು. ಇಲ್ಲಿ ಆ ಕೆಲಸ ಮೈಸೂರಿನಲ್ಲಿ ಜಿಯೋಫಿಸಿಕ್ಸ್ ಓದಿ, ಈ ಊರಿನ ಬುಕಿತ್ ಬಾಟೋಕ್‌ನಲ್ಲಿ ಸಂಸಾರ ಹೂಡಿರುವ ಈ ಹೆಣ್ಣುಮಗಳದು. ಕಟ್ಟಡದ ಉದ್ಘಾಟನೆಯ ಫೋಟೋದಲ್ಲಿ ಇವರನ್ನು ಹುಡುಕಬೇಡಿ, ಸಿಗುವುದಿಲ್ಲ!

ಪಿನ್ನಿನ ಕಥೆ ಕೇಳಿದರೆ ನಗುತ್ತಾರೆ, ನಗು ಪೂರ್ತಿ ಬರುವುದಿಲ್ಲ. ತಾಳಿ ಸರದಲ್ಲಿ ಪಿನ್ನು ನೇತಾಡದ ಮನೆ ನಮ್ಮಲ್ಲಿ ಯಾವುದಿದೆ ಹೇಳಿ?

"ನಮ್ಮತ್ತೆ ಹಾಕಿಕೊಟ್ಟಿದ್ದು, ಸೀರೆ ಜಾರಿದ್ರೆ ಇರಲಿ ಅಂತ. ಹಬ್ಬದ ಮಾರನೇ ದಿನ ತೆಗೆಯೋದು ಮರೆತು ಸೈಟಿಗೆ ಬಂದ್ಬಿಟ್ಟೆ. ಬಗ್ಗಿದಾಗೆಲ್ಲ ಮೆಷಿನ್ ಕೂಗೋದು. ಕೆಲಸ ಸ್ಟಾಪ್ ಮಾಡಿಸ್ದೆ. ಇಡೀ ದಿನ ಅಗೆದ್ರು, ಸಿಕ್ಕಿದ್ದು ಬರೀ ಮಣ್ಣು. ಸಂಜೆ ಪಿನ್ ಕೈಗೆ ತಗುಲ್ತು ನೋಡಿ... ನಾನೇ ಹೋಗಿ ಎಲ್ಲರ ಮುಂದೆ ಹೇಳ್ದೆ."

ಅಂದಿನಿಂದ ಸೈಟಿನ ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡೇ ಇದ್ದಾನೆ. ಇನ್ನೊಮ್ಮೆ ಸುಮ್ಮಸುಮ್ಮನೆ ಕೆಲಸ ನಿಲ್ಲಿಸಿದರೆ ಬೇರೆಯವರನ್ನು ಕರೆಸುವುದಾಗಿ ಹೇಳಿಯೂ ಆಗಿದೆ.

ಇವತ್ತು ಬೇಲಿಯ ಮೂಲೆಯಲ್ಲಿ ಯಂತ್ರ ಕೂಗುತ್ತದೆ. ನಿರುಪಮಾ ಅವರ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ. ಹಿಂದೆ ಸರಿದು, ಆಚೆ ಕಡೆಯಿಂದ ಬರುತ್ತಾರೆ. ಮತ್ತೆ ಕೂಗು. ಅಯ್ಯೋ ದೇವರೇ, ಇವತ್ತೇ ಆಗಬೇಕಿತ್ತೇ!

ಮ್ಯಾನೇಜರ್ ದಾಪುಗಾಲು ಹಾಕಿ ಬರುತ್ತಾನೆ. "ಮತ್ತೆ ಪಿನ್ನಾ? ಹಳೇ ಪೈಪ್ ಇರ್ಬೇಕು ಅಷ್ಟೇ. ಸ್ಟಾರ್ಟ್ ಮಾಡಿ."

"ಬೇಕಾದ್ರೆ ನನ್ನ ತೆಗೀರಿ ಬಾಸ್. ಇಲ್ಲಿ ಮಾತ್ರ ಕೊರೀಬೇಡಿ." ನಿರುಪಮಾ ಅವರ ಮಾತು ಗಟ್ಟಿ.

ಕೊರೆಯುವ ಯಂತ್ರದ ಮೇಲೆ ಕೂತವನು ಹೊಸೂರು ಕಡೆಯ ಮುರುಗೇಶ. ಶುರು ಮಾಡು ಎಂಬಂತೆ ಮ್ಯಾನೇಜರ್ ಅವನತ್ತ ಕೈ ಬೀಸುತ್ತಾನೆ. ಮುರುಗೇಶ ಎಂಜಿನ್ ಆರಿಸಿ, ಕೀಲಿ ಜೇಬಿಗಿಳಿಸಿ, ಕೆಳಗಿಳಿದು ಬರುತ್ತಾನೆ. "ಅಕ್ಕ ಓಕೆ ಅನ್ಲಿ ಬಾಸ್, ಆಮೇಲೆ ಹತ್ತುತೀನಿ."

ಬೇರೆ ದಾರಿಯಿಲ್ಲದೆ ಮ್ಯಾನೇಜರ್ ಬಾಂಬ್ ತಜ್ಞರನ್ನು ಕರೆಸುತ್ತಾನೆ. ಅವರು ಕೈಯಿಂದಲೇ ಮಣ್ಣು ಬಿಡಿಸುತ್ತಾರೆ. ಮಧ್ಯಾಹ್ನದವರೆಗೂ ನಿರುಪಮಾ ಕೂತಲ್ಲಿ ಕೂರುವುದಿಲ್ಲ, ತಂದ ಚಿತ್ರಾನ್ನದ ಡಬ್ಬಿ ತೆರೆಯುವುದಿಲ್ಲ. ಕೊನೆಗೆ ಸಿಗುವುದು ಕಿಟಕಿಯ ಸರಳುಗಳು. ತುಕ್ಕು ಹಿಡಿದು, ಸೊಟ್ಟಗಾಗಿ, ಸುಟ್ಟ ಇಟ್ಟಿಗೆಗೆ ಕಚ್ಚಿಕೊಂಡಿವೆ. ಯುದ್ಧದಲ್ಲಿ ಬಿದ್ದ ಯಾರದೋ ಮನೆಯವಿರಬೇಕು. ಬಾಂಬಿಲ್ಲ.

ನಿರುಪಮಾ ಅವರ ಮುಖ ಸಪ್ಪಗಾಗುತ್ತದೆ. ಮುರುಗೇಶ ಮಾತ್ರ ಇನ್ನೂ ಕೆಳಗೇ ನಿಂತಿದ್ದಾನೆ. "ಇನ್ನೊಂದ್ಸಲ ನೋಡಿ ಹೇಳಕ್ಕಾ. ಅವತ್ತು ಪಿನ್ ವಿಷಯ ನೀವು ಹೇಳ್ದೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ನೀವು ಓಕೆ ಅಂದ್ರೆ ಓಕೆನೇ."

ಅವರು ಆ ಮೂಲೆಯನ್ನು ಮತ್ತೆ ನಡೆದು ನೋಡಿ ಕೈ ಎತ್ತುತ್ತಾರೆ. ಮುರುಗೇಶ ಹತ್ತುತ್ತಾನೆ. ದೂರದಿಂದ ನೋಡುತ್ತಿದ್ದ ಮ್ಯಾನೇಜರ್ ಹೊರಡುವಾಗ ಇಷ್ಟೇ ಅನ್ನುತ್ತಾನೆ: "ನಾಳೆ ಗೇಟ್ ಕಡೆ ನೆಲ ನೋಡ್ಬೇಕು. ಬೇಗ ಬನ್ನಿ."

ಸಂಜೆ ಬಾಗಿಲಲ್ಲೇ ಮಗಳು ಧೃತಿಯ ದಿನದ ಪ್ರಶ್ನೆ. "ಅಮ್ಮಾ, ಇವತ್ತಾದ್ರೂ ಬಾಂಬ್ ಸಿಗ್ತಾ?"

"ಇಲ್ಲ ಪುಟ್ಟಾ," ಎನ್ನುತ್ತಾ ನಿರುಪಮಾ ಶೂ ಬಿಚ್ಚುತ್ತಾರೆ. "ಎಲ್ಲರೂ ಹುಷಾರಾಗಿ ಮನೆಗೆ ಹೋದ್ರು."