ಅಜ್ಜಯ್ಯನ ಗದ್ದುಗೆ

ಹುಚ್ಚ ಅಂತ ಕಲ್ಲು ಹೊಡೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಹೆದರಿಕೆ ಆಗುವುದಿಲ್ಲ. ಹೆದರಿಕೆ ಆಗಿದ್ದು ಕೈ ಮುಗಿಯುವವರನ್ನು ಕಂಡಾಗ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಜೀಪಿನಲ್ಲಿ ಸುತ್ತುವುದು ನನ್ನ ಕೆಲಸ. ಬಸ್ ಸ್ಟ್ಯಾಂಡಿನಲ್ಲಿ, ಸಂತೆ ಕಟ್ಟೆಯಲ್ಲಿ ಮಲಗುವ ದಿಕ್ಕಿಲ್ಲದವರನ್ನು ಮಾತಾಡಿಸಬೇಕು, ಒಪ್ಪಿದರೆ ಆಸ್ಪತ್ರೆಗೆ ಕರೆದೊಯ್ಯಬೇಕು. ಊರವರನ್ನು ಕೂರಿಸಿಕೊಂಡು, ಮನಸ್ಸಿಗೆ ಬರುವುದೂ ಕಾಯಿಲೆಯೇ, ಗಾಳಿಯೂ ಅಲ್ಲ ಶಾಪವೂ ಅಲ್ಲ ಎಂದು ತಿಳಿಹೇಳಬೇಕು. ಹೇಳಿ ಹೇಳಿ ನನ್ನ ದನಿಯೇ ಒರಟಾಗಿದೆ. "ಮೇಡಂ, ನೀವು ಭಾಷಣ ಮಾಡ್ತೀರೋ ಜಗಳ ಆಡ್ತೀರೋ ಗೊತ್ತಾಗಂಗಿಲ್ಲ" ಎಂದು ನಮ್ಮ ಡ್ರೈವರಣ್ಣ ಆಗಾಗ ಕಾಲೆಳೆಯುತ್ತಾರೆ.

ಬಿಳಿಚೋಡು ದಾಟಿ ಒಳದಾರಿ ಹಿಡಿದರೆ ಸಿಗುವ ಒಂದು ಹಳ್ಳಿಯ ಬಸ್ ತಂಗುದಾಣದಲ್ಲಿ ಒಬ್ಬಾತ ಇದ್ದ. ಜಡೆಗಟ್ಟಿದ ಕೂದಲು, ಬಾಯಲ್ಲಿ ಮಾತಿಲ್ಲ. ನಾನು ಮೊದಲು ನೋಡಿದಾಗ ಮಕ್ಕಳು ಅವನ ಮೇಲೆ ಕಲ್ಲು ಎಸೆಯುತ್ತಿದ್ದವು. ಹತ್ತಿರ ಹೋದರೆ ಓಡಿಹೋದ. ಮುಂಗಾರು ಕಳೆದ ಮೇಲೆ ಮತ್ತೆ ಹೋದಾಗ ನೋಡಿದರೆ, ತಂಗುದಾಣಕ್ಕೆ ಸುಣ್ಣ ಬಳಿದಿದ್ದಾರೆ, ಮಾವಿನ ತೋರಣ ಕಟ್ಟಿದ್ದಾರೆ. ಅವನು ಚಾಪೆಯ ಮೇಲೆ ಕೂತಿದ್ದ. ಹಣೆ ತುಂಬ ವಿಭೂತಿ, ಮುಂದೆ ಬಾಳೆಹಣ್ಣಿನ ಗುಡ್ಡೆ.

"ಹುಚ್ಚ ಅನ್ನಬ್ಯಾಡ್ರಿ ಮತ್ತೆ, ಅಜ್ಜಯ್ಯ ಅನ್ರಿ" ಎಂದಳು ಎದುರಿನ ಚಾ ಅಂಗಡಿಯಾಕೆ. ನಡೆದದ್ದು ಇಷ್ಟು. ಅವನು ಯಾವುದೋ ಹೊಲದ ಕಡೆ ಸುಮ್ಮನೆ ಬೆರಳು ಮಾಡಿದ್ದ. ಹೊಲದವರು ಅಲ್ಲೇ ಬೋರ್ ಹೊಡೆಸಿದರು. ನೀರು ಬಿತ್ತು. ಆ ಕಡೆಯ ನೆಲದಲ್ಲಿ ನೀರು ಬೀಳುವುದೆಂದರೆ ಸಣ್ಣ ಮಾತಲ್ಲ.

ನಾನು ಅವನ ಕಾಲು ನೋಡಿದೆ. ಪಾದದ ಹುಣ್ಣಿಗೆ ಅರಿಶಿನ ಮೆತ್ತಿ, ಮೇಲೆ ಚೆಂಡು ಹೂವು ಮುಚ್ಚಿದ್ದರು. ಊದುಬತ್ತಿಯ ಹೊಗೆಯ ಅಡಿಯಿಂದ ಕೊಳೆತ ವಾಸನೆ ಬರುತ್ತಿತ್ತು. ಮೈ ಸುಡುತ್ತಿತ್ತು. ಊರ ಹಿರಿಯರೊಬ್ಬರಿಗೆ, ಇವರನ್ನು ಇವತ್ತೇ ಆಸ್ಪತ್ರೆಗೆ ಒಯ್ಯಬೇಕು, ಇಲ್ಲದಿದ್ದರೆ ಕಾಲಷ್ಟೇ ಅಲ್ಲ, ಜೀವ ಹೋಗುತ್ತದೆ ಎಂದೆ.

ಅವರು ನಕ್ಕರು. ತುಂಬ ಸಜ್ಜನ ನಗು. "ಅಜ್ಜಯ್ಯಗೆ ಡಾಕ್ಟ್ರು ಏನ್ ಮಾಡಾಕೆ ಬರ್ತೈತೆ ಮೇಡಂ? ನಾವು ಚೆಂದಾಗಿ ನೋಡ್ಕಂತಿದೀವಿ. ಗದ್ದುಗೇನೂ ಮಾಡಾಕೆ ಹತ್ತೀವಿ. ಬರ್ರಿ, ತೋರಿಸ್ತೀನಿ."

ನನಗೆ ಖುಷಿಯೇ ಆಯಿತು. ಬದುಕಿರುವವರಿಗೆ ಗದ್ದುಗೆ ಅಂದರೆ ಕೂರುವ ಪೀಠ ತಾನೇ? ಕಟ್ಟೆ ಕಟ್ಟಿ, ತಲೆ ಮೇಲೊಂದು ಶೀಟು ಹಾಕುತ್ತಾರೆ ಅಂದುಕೊಂಡು ಅವರ ಹಿಂದೆ ಹೋದೆ.

ತಂಗುದಾಣದ ಹಿಂದೆ, ಬೇವಿನ ಮರದ ಕೆಳಗೆ ಚೌಕಾಕಾರದ ಗುಂಡಿ ತೆಗೆದಿದ್ದರು. ಒಳಗೆ ಒಂದು ಬದಿಯಲ್ಲಿ ಗೂಡು ಕೊರೆದಿದ್ದರು. ಒಬ್ಬ ಮನುಷ್ಯನನ್ನು ಕಾಲು ಮಡಿಸಿ ಕೂರಿಸುವಷ್ಟು ಅಳತೆ. ಪಕ್ಕದಲ್ಲಿ ಉಪ್ಪಿನ ಮೂಟೆಗಳು, ವಿಭೂತಿ ಗಟ್ಟಿಗಳು, ಮುಚ್ಚಲು ಕಲ್ಲು ಚಪ್ಪಡಿ. ಸತ್ತ ಸ್ವಾಮಿಗಳನ್ನು ಕೂರಿಸಿ ಮಣ್ಣು ಮಾಡುವ ಗದ್ದುಗೆ ಅದು.

"ಇನ್ನೂ ಜೀವ ಐತಲ್ರಿ ಅವರಿಗೆ!"

"ಐತೆ. ಆದ್ರೆ ನಿನ್ನೆಯಿಂದ ಅನ್ನ ಬಿಟ್ಟಾರೆ. ಹೊರಡಾಕೆ ಸೂಚನೆ ಕೊಟ್ಟಾರೆ" ಎಂದರು, ಬಸ್ಸಿನ ಟೈಮು ಹೇಳುವಷ್ಟು ಸಮಾಧಾನವಾಗಿ.

ಅವರಲ್ಲಿ ಕೇಡಿನ ಲವಲೇಶವೂ ಇರಲಿಲ್ಲ. ನನಗೆ ಹೆದರಿಕೆ ಆಗಿದ್ದು ಅದಕ್ಕೇ. ಕೆಟ್ಟವರ ಜೊತೆ ಜಗಳ ಆಡಬಹುದು. ಇವರ ಜೊತೆ ಏನು ಆಡಲಿ?

ವಾಪಸ್ ಬಂದು ಅವನೆದುರು ಕುಕ್ಕರಗಾಲಲ್ಲಿ ಕೂತೆ. "ಕಾಲು ನೋಯ್ತದೇನ್ರಿ?" ಎಂದೆ. ಕಣ್ಣು ತುಂಬಿಕೊಂಡ. "ನಮ್ಮ ಜೊತೆ ಬರ್ತೀರಾ?" ಎಂದೆ. ಕೈ ಚಾಚಿದ. ಅಷ್ಟರಲ್ಲಿ ಜನ ಸುತ್ತುಗಟ್ಟಿದ್ದರು. ಒಯ್ಯಲು ಬಿಡುವುದಿಲ್ಲ ಅನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಡ್ರೈವರಣ್ಣ ಇದ್ದಕ್ಕಿದ್ದಂತೆ ಕೂಗಿದರು: "ಅಜ್ಜಯ್ಯ ಸಂಚಾರ ಹೊಂಟಾರೆ! ದಾರಿ ಬಿಡ್ರಿ!"

ಜನ ದಾರಿ ಬಿಟ್ಟರು. ಅಡ್ಡಬಿದ್ದರು. ನನ್ನ ವರ್ಷಗಟ್ಟಲೆಯ ಭಾಷಣಕ್ಕೆ ಆಗದ್ದು ಆ ಒಂದು ಸುಳ್ಳಿಗೆ ಆಯಿತಲ್ಲ ಎಂದು ನಾಚಿಕೆಯಾಯಿತು. ಹಿರಿಯರು ಜೀಪಿನ ಬಾಗಿಲು ಹಿಡಿದು ನಿಂತರು.

"ತೆಗೆದ ಗುಂಡಿ ಖಾಲಿ ಬಿಡಾಕೆ ಬರಲ್ಲ ಮೇಡಂ. ಊರಿಗೆ ಒಳ್ಳೇದಲ್ಲ. ಲಗೂನ ಕರಕೊಂಡು ಬರ್ರಿ."

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಮನಸ್ಸಿನ ಕಾಯಿಲೆಗೂ ಔಷಧಿ ಶುರುವಾಯಿತು. ಗಡ್ಡ ತೆಗೆದಾಗ ನೋಡಿದರೆ ಅಜ್ಜನೇನೂ ಅಲ್ಲ, ನನಗಿಂತ ಚಿಕ್ಕವನು. ನಿಧಾನಕ್ಕೆ ಮಾತು ಬಂತು. ಊರು ನ್ಯಾಮತಿ ಕಡೆ ಎಂದು ಹೇಳಿದ. ಅಣ್ಣನ ಹೆಸರು ಹೇಳಿದ.

ಹುಡುಕಿಕೊಂಡು ಹೋದೆ. ಅಣ್ಣ ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸಿದ. "ಆತನ ತಿಥಿ ಮಾಡಿ ಮುಗಿಸೀವಿ ಮೇಡಂ. ನನ್ನ ಮಗಳನ್ನ ನೋಡಾಕೆ ಗಂಡಿನ ಕಡೆಯವರು ಬರೋರದಾರೆ. ಹುಚ್ಚರ ಮನೆತನ ಅಂತಾದ್ರೆ ಯಾರು ಬರ್ತಾರೆ? ಸತ್ತಾನೆ ಅಂತಾನೇ ಇರ್ಲಿ ಬಿಡ್ರಿ." ಕಾಯಿಲೆ, ಔಷಧಿ, ಗುಣ, ಎಲ್ಲಾ ಹೇಳಿದೆ. ಅವನು ತಲೆಯಾಡಿಸುತ್ತಲೇ ಬಾಗಿಲು ಹಾಕಿಕೊಂಡ.

ಈ ನಡುವೆ ಆ ಹಳ್ಳಿಯ ಹಿರಿಯರ ಫೋನು ಬಿಡದೆ ಬರುತ್ತಿತ್ತು. ಅಜ್ಜಯ್ಯ ಯಾವಾಗ ಬರ್ತಾರೆ? ಬೋರಿನಲ್ಲಿ ನೀರು ಕಡಿಮೆ ಆಗ್ತಾ ಐತೆ. ಗುಂಡಿ ಬಾಯಿ ತೆಕ್ಕೊಂಡೇ ಐತೆ. ಕೊನೆಕೊನೆಗೆ ಅವರ ದನಿಯಲ್ಲಿ ಆ ನಗು ಇರಲಿಲ್ಲ.

ಡಿಸ್ಚಾರ್ಜ್ ಆಗುವ ಬೆಳಿಗ್ಗೆ ಅವನ ಹಾಸಿಗೆಯ ಪಕ್ಕ ಕೂತು, ಅಣ್ಣ ಒಪ್ಪುತ್ತಿಲ್ಲ ಎಂದಷ್ಟೇ ಹೇಳಿದೆ. ತಿಥಿಯ ವಿಷಯ ಬಾಯಿಗೆ ಬರಲಿಲ್ಲ. ನಿರಾಶ್ರಿತರಿಗೆ ಒಂದು ಮನೆ ಇದೆ, ಅಲ್ಲಿಗೆ ಹೋಗೋಣ ಎಂದೆ.

"ಬ್ಯಾಡ್ರಿ ಮೇಡಂ. ಆ ಬಸ್ ಸ್ಟಾಪಿಗೇ ಬಿಡ್ರಿ ನನ್ನ. ಅಲ್ಲಿ ಈಗ ಯಾರೂ ನನಗೆ ಹುಚ್ಚ ಅನ್ನಂಗಿಲ್ಲ." ಹೊಸದಾಗಿ ಬೋಳಿಸಿದ ಕೆನ್ನೆ ಮುಟ್ಟಿಕೊಂಡು, ನಾಚಿಕೆಯಿಂದ ಕೇಳಿದ: "ನನಗೆ ಕುಂದ್ರಾಕೆ ಗದ್ದುಗೆ ಮಾಡ್ತೀವಿ ಅಂದಿದ್ರು. ಮುಗೀತೇನ್ರಿ ಅದು?"

ನನ್ನ ಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಯಾರದೆಂದು ತೆಗೆದು ನೋಡಬೇಕಾಗಿರಲಿಲ್ಲ.